ಗೋಡೆ, ನೆರಳು, ಒಣಹಾಕಿದ ಬಟ್ಟೆ

ಮನೆಯ ಫೋಟೋ ತೆಗೆಯುವವರಲ್ಲಿ ಈಗ ಒಂದು ಗುಂಪು ಮನೆಯನ್ನೇ ತೋರಿಸುವುದಿಲ್ಲ. ಗೋಡೆಯ ಒಂದು ಮೂಲೆ, ಅದರ ಮೇಲೆ ಓರೆಯಾಗಿ ಬಿದ್ದ ನೆರಳು, ಮೇಲೆ ಖಾಲಿ ಆಕಾಶ. ಅಲ್ಲಿಗೆ ಚಿತ್ರ ಮುಗಿಯಿತು. ಬಾಗಿಲು ಯಾವ ಕಡೆ, ಎಷ್ಟು ಅಂತಸ್ತು, ಯಾರ ಮನೆ, ಒಂದೂ ತಿಳಿಯದು. ನೋಡಿದವರಲ್ಲಿ ಕೆಲವರು ‘ಆಹಾ’ ಎನ್ನುತ್ತಾರೆ, ಉಳಿದವರು ‘ಇದರಲ್ಲೇನಿದೆ?’ ಎಂದು ಕೇಳುತ್ತಾರೆ. ಕೇಳುವವರದು ದಡ್ಡ ಪ್ರಶ್ನೆಯೇನಲ್ಲ. ಚಿತ್ರದಲ್ಲಿ ಏನೇನು ಇಲ್ಲ, ಅದು ಹೇಗೆ ಇಲ್ಲವಾಯಿತು ಎಂಬುದರ ಮೇಲೆಯೇ ಈ ಬಗೆಯ ಛಾಯಾಗ್ರಹಣದ ಮಾನ ನಿಂತಿದೆ.

ಕನ್ನಡದಲ್ಲಿ ಇದನ್ನು ‘ಅಮೂರ್ತ’ ಎನ್ನುವ ರೂಢಿ. ಅಮೂರ್ತವೆಂದರೆ ಆಕಾರವಿಲ್ಲದ್ದು. ಆದರೆ ಈ ಚಿತ್ರಗಳಲ್ಲಿ ಆಕಾರವನ್ನು ಬಿಟ್ಟರೆ ಬೇರೇನೂ ಇರುವುದಿಲ್ಲವಲ್ಲ! ಆಬ್‌ಸ್ಟ್ರ್ಯಾಕ್ಟ್ ಎಂಬ ಮಾತಿನ ಲ್ಯಾಟಿನ್ ಬೇರಿನಲ್ಲಿರುವುದು ‘ಎಳೆದು ತೆಗೆದದ್ದು’ ಎಂಬ ಅರ್ಥ. ಎಳೆದು ತೆಗೆಯಬೇಕಾದರೆ ಮೊದಲು ಅಲ್ಲೊಂದು ತುಂಬಿದ ವಸ್ತು ಇರಬೇಕು. ಮಿನಿಮಲಿಸ್ಟ್ ಎಂಬುದಕ್ಕೆ ಬಳಕೆಯಾಗುವ ‘ಕನಿಷ್ಠ’ವೂ ಅಷ್ಟಕ್ಕಷ್ಟೇ, ಕನಿಷ್ಠ ವೇತನ, ಕನಿಷ್ಠ ಉಷ್ಣಾಂಶದ ನೆನಪು ತರುತ್ತದೆ. ‘ಮಿತ’ ವಾಸಿ. ಮಿತಭಾಷಿ ಮಾತು ಬಾರದವನಲ್ಲ, ಎಲ್ಲಿ ನಿಲ್ಲಿಸಬೇಕೆಂದು ಬಲ್ಲವನು.

ಈ ದಾರಿಯ ಮೊದಮೊದಲ ಚಿತ್ರಗಳಲ್ಲೊಂದು ಹುಟ್ಟಿದ್ದು ಮನೆಯ ಜಗಲಿಯಲ್ಲೇ. 1916ರ ಬೇಸಿಗೆಯಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಟ್ವಿನ್ ಲೇಕ್ಸ್‌ನಲ್ಲಿದ್ದ ಪಾಲ್ ಸ್ಟ್ರ್ಯಾಂಡ್, ಜಗಲಿಯ ಕಟಕಟೆಯ ನೆರಳು ದುಂಡು ಮೇಜಿನ ಮೇಲೆ ಪಟ್ಟೆಪಟ್ಟೆಯಾಗಿ ಬಿದ್ದದ್ದನ್ನು ಹತ್ತಿರದಿಂದ, ಓರೆಯಾಗಿ ಸೆರೆಹಿಡಿದ. ಮೇಜು ಮೇಜಾಗಿ ಉಳಿಯದೆ ಒಂದು ಕಮಾನಾಯಿತು, ಬಿಸಿಲು ಬಿಳಿಯ ಪಟ್ಟಿಗಳಾಯಿತು. ಪಿಕಾಸೊ, ಬ್ರಾಕ್ ಮೊದಲಾದವರ ಚಿತ್ರಗಳನ್ನು ನ್ಯೂಯಾರ್ಕಿನಲ್ಲಿ ಕಂಡಿದ್ದವನಿಗೆ ಅದೊಂದು ಅಭ್ಯಾಸ, ಚೌಕಟ್ಟನ್ನು ಕಟ್ಟುವುದು ಹೇಗೆಂದು ಕಲಿಯುವ ಪಾಠ. ಅದೇ ವರ್ಷ ಪೋರ್ಟ್ ಕೆಂಟ್‌ನಲ್ಲಿ ಬಿಳಿ ಬೇಲಿಯ ಚಿತ್ರ ತೆಗೆದಾಗ ಹಿಂದಿನ ಮನೆ, ಕೊಟ್ಟಿಗೆಗಳನ್ನು ಅವನು ಹೊರಗಿಡಲಿಲ್ಲ. ಜಗಲಿಯಲ್ಲಿ ಕಲಿತ ಲೆಕ್ಕವನ್ನು ಊರು, ಜನ, ಬೇಲಿಗಳಿಗೆ ಹಚ್ಚುತ್ತ ಹೋದ.

ಲೂಸಿಯೆನ್ ಹರ್ವೆಯದು ಇನ್ನೂ ಕಟುವಾದ ಕೈ. 1949ರಲ್ಲಿ ಮಾರ್ಸೇಯಲ್ಲಿ ಲ ಕಾರ್ಬೂಸಿಯೆ ಕಟ್ಟಿಸುತ್ತಿದ್ದ ವಸತಿ ಸಮುಚ್ಚಯ ಮುಗಿಯುವ ಮುಂಚೆಯೇ ಹೋಗಿ, ಒಂದೇ ದಿನದಲ್ಲಿ 650 ಚಿತ್ರ ತೆಗೆದವನು ಈತ. ಅವನ್ನು ನೋಡಿದ ಲ ಕಾರ್ಬೂಸಿಯೆ ಅವನನ್ನೇ ತನ್ನ ಛಾಯಾಗ್ರಾಹಕನನ್ನಾಗಿ ಮಾಡಿಕೊಂಡ. ಹರ್ವೆ ಮುದ್ರಿಸಿದ ಚಿತ್ರಗಳನ್ನು ಕತ್ತರಿ ಹಿಡಿದು ಕತ್ತರಿಸುತ್ತಿದ್ದ. ಬೇಡವಾದ ಮುಕ್ಕಾಲು ಭಾಗ ಕೆಳಗೆ ಬಿದ್ದರೂ ಲೆಕ್ಕವಿಲ್ಲ. ಆದರೆ ಕತ್ತರಿಯಿಂದ ಉಳಿದ ತುಂಡಿನೊಳಗೆ ಇದ್ದದ್ದು ಇದ್ದಂತೆಯೇ ಇತ್ತು.

ಕತ್ತರಿಸುವುದಕ್ಕೂ ಅಳಿಸುವುದಕ್ಕೂ ಇರುವ ಈ ಅಂತರ ಈಗ ಮುಖ್ಯ. ಮೊಬೈಲಿನಲ್ಲಿ ಬೆರಳಾಡಿಸಿದರೆ ಕೇಬಲ್ಲು, ಎಸಿಯ ಪೆಟ್ಟಿಗೆ, ನೀರಿನ ಪೈಪು, ಒಣಹಾಕಿದ ಬಟ್ಟೆ ಮಾಯವಾಗಿ ಅಲ್ಲಿ ನುಣುಪಾದ ಗೋಡೆ ಬಂದು ಕೂರುತ್ತದೆ. ಕತ್ತರಿಸುವವನು ‘ನಾನು ಇಷ್ಟನ್ನು ಮಾತ್ರ ನೋಡಿದೆ’ ಎನ್ನುತ್ತಾನೆ. ಅಳಿಸುವವನು ‘ಅಲ್ಲಿ ಇಷ್ಟೇ ಇತ್ತು’ ಎನ್ನುತ್ತಾನೆ. ಎರಡನೆಯದು ಸುಳ್ಳು. ಅಂಥ ಹತ್ತು ಚಿತ್ರ ಒಟ್ಟಿಗಿಟ್ಟು ನೋಡಿದರೆ ದಾದರ್ ಯಾವುದು, ಅಡ್ಯಾರ್ ಯಾವುದು, ಗ್ರೀಸಿನ ದ್ವೀಪ ಯಾವುದು ಎಂದು ಹೇಳಲಾಗದು.

ನವಿ ಮುಂಬೈಯ ಬೇಲಾಪುರಕ್ಕೆ ಹೋದರೆ ಈ ಸುಳ್ಳಿನ ತೂಕ ಗೊತ್ತಾಗುತ್ತದೆ. ಅಲ್ಲಿನ ಆರ್ಟಿಸ್ಟ್ಸ್ ವಿಲೇಜ್ ಚಾರ್ಲ್ಸ್ ಕೊರಿಯಾ ಯೋಜಿಸಿದ್ದು. 1980ರ ದಶಕದ ಮಧ್ಯದಲ್ಲಿ ಎದ್ದದ್ದು. ಎಂಟು ಮೀಟರ್ ಉದ್ದಗಲದ ಪುಟ್ಟ ಅಂಗಳ, ಅದರ ಸುತ್ತ 7 ಮನೆ. ಅಂಥ ಮೂರು ಗುಂಪು ಸೇರಿ ಇನ್ನೊಂದು ದೊಡ್ಡ ಅಂಗಳ. ಬಿಳಿ ಗೋಡೆ, ಇಳಿಜಾರು ಹೆಂಚಿನ ಮಾಡು. ಆಗ ತೆಗೆದ ಚಿತ್ರಗಳಲ್ಲಿ ಅದು ಮಿತದ ಛಾಯಾಗ್ರಾಹಕನಿಗೆ ಹೇಳಿ ಮಾಡಿಸಿದಂತಿದೆ. ಈಗ ಹೋದವರು ತಲೆ ಚಚ್ಚಿಕೊಳ್ಳುತ್ತಾರೆ. ಹಲವು ಮನೆಗಳನ್ನು ಕೆಡವಿ ಕಾಂಕ್ರೀಟಿನಲ್ಲಿ ಮೇಲೆತ್ತಿದ್ದಾರೆ, ಉಳಿದವಕ್ಕೆ ಗ್ರಿಲ್ಲು, ಶೀಟು, ಹೊಸ ಕೋಣೆ, ಕಣ್ಣು ಕುಕ್ಕುವ ಬಣ್ಣ. ‘ಎಷ್ಟು ಚೆನ್ನಾಗಿದ್ದುದನ್ನು ಕೆಡಿಸಿಬಿಟ್ಟರು’ ಎಂಬ ಉದ್ಗಾರ ಕ್ಯಾಮೆರಾದ ಜೊತೆಗೇ ಬರುತ್ತದೆ.

ಆದರೆ ಆ ಯೋಜನೆಯ ತಿರುಳೇ ಅದು. ಒಂದು ಮನೆ ಪಕ್ಕದ ಮನೆಯೊಂದಿಗೆ ಗೋಡೆ ಹಂಚಿಕೊಳ್ಳದಂತೆ ಕೊರಿಯಾ ಬಿಡಿಬಿಡಿಯಾಗಿ ಇಟ್ಟದ್ದು, ಕೈಯಲ್ಲಿ ಕಾಸಾದಾಗ ನೆರೆಯವರ ಅಪ್ಪಣೆ ಕೇಳದೆ ಮನೆಯನ್ನು ಬೆಳೆಸಿಕೊಳ್ಳಲಿ ಎಂದು. ಎಲ್ಲ ಬದಲಾವಣೆಯೂ ಚೆಂದವೆಂದೇನಲ್ಲ. ಎತ್ತರದ ಮನೆ ಪಕ್ಕದ ತಗ್ಗು ಮನೆಯ ಬೆಳಕು ತಿನ್ನುವುದು ಕಾಣುತ್ತದೆ. ಆದರೂ ಅಲ್ಲಿ ಉಳಿದಿರುವ ಒಂದು ಬಿಳಿ ಮೂಲೆಯನ್ನು ಹುಡುಕಿ, ಅಂಚಿನಲ್ಲಿ ಇಣುಕಿದ ಶೀಟನ್ನು ಅಳಿಸಿ, ‘ಕೊರಿಯಾರ ಬೇಲಾಪುರ’ ಎಂದು ತೋರಿಸಿದರೆ ಅದು ಕೊರಿಯಾಗೂ ಸಲ್ಲದು, ಅಲ್ಲಿರುವವರಿಗೂ ಸಲ್ಲದು. ಬಿಳಿ ಗೋಡೆಗೆ ಗುಲಾಬಿ ಗೋಡೆ ತಾಗುವ ಗೆರೆ, ಹೆಂಚಿನ ಇಳಿಜಾರನ್ನು ಚಪ್ಪಟೆ ತಾರಸಿ ತಡೆಯುವ ಜಾಗ, ಎರಡರ ಮೇಲೂ ಬಿದ್ದ ಒಂದೇ ನೆರಳು: ಇದಕ್ಕಿಂತ ಒಳ್ಳೆಯ ಮಿತಚಿತ್ರ ಬೇಕೆ? ಮೂವತ್ತು ವರ್ಷದ ಸಂಸಾರ ಆ ಗೆರೆಯಲ್ಲಿದೆ.

ಈ ಶೈಲಿ ತಣ್ಣಗಿನದು, ಮನುಷ್ಯರಿಲ್ಲದ್ದು ಎಂಬ ದೂರು ಹಳೆಯದು. ಹಾಗೆ ದೂರುವವರು ಮೆಚ್ಚುವುದು ಹೆಚ್ಚಾಗಿ ಇನ್ನೊಂದು ಬಗೆಯ ಚಿತ್ರವನ್ನು: ತೊಟ್ಟಿ ಮನೆ, ಹಿತ್ತಾಳೆಯ ತಂಬಿಗೆ, ಬಾಗಿಲಲ್ಲಿ ಕುಳಿತ ಅಜ್ಜಿ. ಊರು ಬಿಟ್ಟವರಿಗೆ ಅದು ಬೇಗ ನಾಟುತ್ತದೆ. ಅಜ್ಜಿಯನ್ನು ಹಾಗೆ ಕೂರಿಸಿ ತೆಗೆದದ್ದಕ್ಕಿಂತ ಗೋಡೆಯ ನೆರಳು ಹೆಚ್ಚು ಪ್ರಾಮಾಣಿಕ. ನೆರಳನ್ನು ಯಾರೂ ಕೂರಿಸಲಾರರು. ಮನೆಯವರ ಮುಖ, ಅಡುಗೆಮನೆ, ಚಪ್ಪಲಿಗೂಡು ಲೋಕಕ್ಕೆಲ್ಲ ತೆರೆದಿಡದೆಯೂ ಅವರ ಮನೆಯನ್ನು ನೋಡಬಹುದು ಎಂಬುದು ಈ ಶೈಲಿಯ ಸೌಜನ್ಯ. ಅನುಮತಿ ಕೇಳುವುದು ತಪ್ಪುವುದಿಲ್ಲ, ಅದು ಬೇರೆ ಮಾತು. ‘ನೆರಳಿನ ಫೋಟೋ’ ಎಂದು ಯಾವ ಭಾಷೆಯಲ್ಲಿ ಹೇಳಿದರೂ ಸೊಸೈಟಿಯ ವಾಚ್‌ಮನ್ ನಂಬುವುದಿಲ್ಲ.

ಮಾಡಿ ನೋಡುವವರಿಗೆ ಬೇಕಾದದ್ದು ಸ್ವಲ್ಪವೇ. ಬಿಳಿ ಗೋಡೆಯನ್ನು ಕ್ಯಾಮೆರಾ ಬೂದಿ ಬಣ್ಣಕ್ಕೆ ಎಳೆಯುತ್ತದೆ, ಆದ್ದರಿಂದ ಬೆಳಕನ್ನು ಒಂದಿಷ್ಟು ಏರಿಸಬೇಕು. ಗೋಡೆಯ ಮೈಯ ಒರಟು ಕಾಣಬೇಕಾದರೆ ಸೂರ್ಯ ಗೋಡೆಯನ್ನು ಸವರಿಕೊಂಡು ಹೋಗುವ ಹೊತ್ತು ಕಾಯಬೇಕು. ಬೇಡದ್ದು ಚೌಕಟ್ಟಿಗೆ ಬಂದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಬೇಕು; ಸರಿದರೂ ಹೋಗದಿದ್ದರೆ ಇರಲಿ ಬಿಡಿ, ಹಗ್ಗದ ಮೇಲಿನ ಟವೆಲ್ಲೂ ಒಂದು ಆಯತವೇ.

ಹೆಸರಾಂತ ಕಟ್ಟಡಗಳಿಗಿಂತ ಬಾಡಿಗೆ ಮನೆಯಲ್ಲಿ ಆರಂಭಿಸುವುದು ಮೇಲು. ಮೊಳೆ ಹೊಡೆಯಬಾರದು, ಬಣ್ಣ ಬದಲಿಸಬಾರದು ಎಂದು ಮಾಲೀಕರು ಮೊದಲೇ ಹೇಳಿರುವುದರಿಂದ ಗೋಡೆ ಹೇಗೂ ಖಾಲಿ. ಮುಂಬೈಯಲ್ಲಿ ಡಿಸೆಂಬರಿನ ಬಿಸಿಲು ದಕ್ಷಿಣದ ಕಿಟಕಿಯಿಂದ ಒಳಗೆ ಬಹುದೂರ ಬಂದು ಎದುರು ಗೋಡೆಯ ಮೇಲೆ ಗ್ರಿಲ್ಲಿನ ಚೌಕಗಳನ್ನು ಬರೆಯುತ್ತದೆ. ಮಾರ್ಚಿಗೆ ಅವು ನೆಲಕ್ಕಿಳಿದು ಕಿಟಕಿಯ ಬುಡಕ್ಕೆ ಸರಿದಿರುತ್ತವೆ. ಮೇ ಮಧ್ಯದ ಹೊತ್ತಿಗೆ ನಡುಹಗಲ ಸೂರ್ಯ ನೆತ್ತಿಗೇರಿ ಆ ಕಿಟಕಿಯಲ್ಲಿ ಏನೂ ಬರುವುದಿಲ್ಲ. ಚೌಕಗಳು ಮತ್ತೆ ಅದೇ ಜಾಗಕ್ಕೆ ಬರಲು ಹನ್ನೆರಡು ತಿಂಗಳು ಬೇಕು. ಬಾಡಿಗೆ ಕರಾರು ಹನ್ನೊಂದು ತಿಂಗಳದು.