ಒಡೆಯಲೋ, ಮಾರಲೋ?

ಮನೆಯ ಹಿರಿಯರು ತೀರಿಕೊಂಡ ಬಳಿಕ ಅವರ ಪೆಟ್ಟಿಗೆಯ ಬೀಗ ತೆಗೆಯುವ ಸಂದರ್ಭ ಯಾವ ಸಂಸಾರಕ್ಕೂ ತಪ್ಪಿದ್ದಲ್ಲ. ನಮ್ಮಲ್ಲಾದರೆ ಅಂತಹ ಪೆಟ್ಟಿಗೆಯಿಂದ ಹಳೆಯ ಪತ್ರಗಳೋ, ಜರಿಯಂಚಿನ ಪಂಚೆಯೋ ಹೊರಬರುತ್ತವೆ. ಅಮೆರಿಕದ ಮನೆಗಳಲ್ಲಿ ಒಮ್ಮೊಮ್ಮೆ ಹೊರಬರುವ ವಸ್ತುವೇ ಬೇರೆ. ಮೇಣದ ಕಾಗದದಲ್ಲಿ ಸುತ್ತಿದ, ಎಂದೂ ಒಡೆಯದ ಪುಟ್ಟ ಪೊಟ್ಟಣಗಳು. ಒಳಗೆ ಬೇಸ್‌ಬಾಲ್ ಆಟಗಾರರ ಚಿತ್ರವುಳ್ಳ ರಟ್ಟಿನ ಕಾರ್ಡುಗಳು. ಒಂದು ಕಾಲದಲ್ಲಿ ಮಕ್ಕಳು ಐದು ಸೆಂಟು ಕೊಟ್ಟು ಕೊಳ್ಳುತ್ತಿದ್ದ ಈ ಪೊಟ್ಟಣ ಇಂದು ಅಣ್ಣತಮ್ಮಂದಿರನ್ನು ಎರಡು ಪಂಗಡ ಮಾಡಬಲ್ಲದು. “ಇದ್ದ ಹಾಗೆಯೇ ಮಾರಿಬಿಡೋಣ” ಎನ್ನುವವರು ಒಂದು ಕಡೆ. “ಒಡೆದು ನೋಡೋಣ, ಒಳಗೆ ರತ್ನವೇ ಇರಬಹುದು” ಎನ್ನುವವರು ಇನ್ನೊಂದು ಕಡೆ.

ರಟ್ಟಿನ ಚೂರಿಗೆ ಇಷ್ಟು ರಂಪವೆ ಎಂದು ವಾಚಕರು ನಗಬಹುದು. ನಗುವ ಮುನ್ನ ಒಂದು ಕಾರ್ಡಿನ ಚರಿತ್ರೆಯನ್ನು ಕೇಳಿರಿ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಟಾಪ್ಸ್ ಎಂಬ ಚ್ಯೂಯಿಂಗ್ ಗಮ್ ಕಂಪೆನಿಯೊಂದಿತ್ತು. 1951ರಲ್ಲಿ ಅದರ ನೌಕರರಾದ ಸೈ ಬರ್ಗರ್ ಮತ್ತು ವುಡಿ ಗೆಲ್ಮನ್ ಅಡಿಗೆಮನೆಯ ಮೇಜಿನ ಮೇಲೆ ಕುಳಿತು ಮರುವರ್ಷದ ಕಾರ್ಡುಗಳ ವಿನ್ಯಾಸ ಮಾಡಿದರು. 1952ರಲ್ಲಿ 407 ಕಾರ್ಡುಗಳು ಕಂತು ಕಂತಾಗಿ ಮಾರುಕಟ್ಟೆಗೆ ಬಂದವು. ಕಡೆಯ ಕಂತು ಬರುವ ವೇಳೆಗೆ ಆಟದ ಋತು ಮುಗಿಯುತ್ತ ಬಂದಿತ್ತು. ಹುಡುಗರ ಗಮನ ಬೇರೆ ಆಟಗಳತ್ತ ಹರಿದಿತ್ತು. ಸರಕು ಮಾರಾಟವಾಗದೆ ಉಗ್ರಾಣದಲ್ಲಿ ಕೊಳೆಯಿತು. ಎಂಟು ವರ್ಷ ಜಾಗ ತಿಂದ ಆ ಪೆಟ್ಟಿಗೆಗಳನ್ನು 1960ರಲ್ಲಿ ಬರ್ಗರ್ ದೋಣಿಗೆ ಹೇರಿಸಿ ಅಟ್ಲಾಂಟಿಕ್ ಸಮುದ್ರದ ಪಾಲು ಮಾಡಿಸಿದರು. ಆ ಕಂತಿನಲ್ಲಿದ್ದ 311ನೆಯ ಕಾರ್ಡು ಮಿಕಿ ಮ್ಯಾಂಟಲ್ ಎಂಬ ತರುಣ ಆಟಗಾರನದು. ಅಳಿದುಳಿದ ಮ್ಯಾಂಟಲ್ ಕಾರ್ಡುಗಳಲ್ಲಿ ಒಂದು 1991ರಲ್ಲಿ 50,000 ಡಾಲರಿಗೆ ಮಾರಾಟವಾಯಿತು. ಅದೇ ಕಾರ್ಡು 2022ರ ಆಗಸ್ಟಿನಲ್ಲಿ ಹರಾಜಿಗೆ ಬಂದಾಗ ದೊರೆತ ಬೆಲೆ 1 ಕೋಟಿ 26 ಲಕ್ಷ ಡಾಲರು!

ಇಂತಹ ಕಥೆ ಕಿವಿಗೆ ಬಿದ್ದ ಮೇಲೆ ಪೊಟ್ಟಣ ಹಿಡಿದ ಕೈ ಸುಮ್ಮನಿರುವುದು ಹೇಗೆ? ಆದರೆ ಕಥೆಯಲ್ಲಿ ಒಂದು ಸೂಕ್ಷ್ಮವಿದೆ. ಆ ಬೆಲೆ ಮ್ಯಾಂಟಲ್‌ನ ಮುಖಕ್ಕಷ್ಟೇ ಬಂದುದಲ್ಲ; ಕಾರ್ಡಿನ ಸ್ಥಿತಿಗೆ ಬಂದುದು. ಕಾರ್ಡುಗಳಿಗೆ ದರ್ಜೆ ಕೊಡುವುದನ್ನೇ ಉದ್ಯೋಗ ಮಾಡಿಕೊಂಡ ಸಂಸ್ಥೆಗಳು ಅಮೆರಿಕದಲ್ಲಿವೆ. ಇವುಗಳಲ್ಲಿ ಹೆಸರಾದ ಪಿ.ಎಸ್.ಎ. ಆರಂಭವಾದದ್ದು 1991ರಲ್ಲಿ. ಚಿತ್ರ ನಟ್ಟನಡುವೆ ಮುದ್ರಿತವಾಗಿದೆಯೆ, ಮೂಲೆಗಳು ಚೂಪಾಗಿವೆಯೆ, ಅಂಚು ನೇರವಾಗಿದೆಯೆ, ಮೈಮೇಲೆ ಗೀರುಗಳಿಲ್ಲವೆ ಎಂದು ಪರೀಕ್ಷಿಸಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಕಾರ್ಡನ್ನು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಸೇರಿಸಿ ಮುಚ್ಚಿಬಿಡುತ್ತಾರೆ. ಮೇಲೆ ಹೇಳಿದ ಮ್ಯಾಂಟಲ್ ಕಾರ್ಡಿಗೆ ಇನ್ನೊಂದು ಸಂಸ್ಥೆ ಕೊಟ್ಟ ಅಂಕ ಒಂಬತ್ತೂವರೆ. ಪಿ.ಎಸ್.ಎ. ಒಂಬತ್ತು ಅಂಕ ಕೊಟ್ಟ ಮತ್ತೊಂದು ಮ್ಯಾಂಟಲ್ 2021ರ ಜನವರಿಯಲ್ಲಿ 52 ಲಕ್ಷ ಡಾಲರಿಗೆ ಹೋಗಿತ್ತು. ನಮ್ಮ ಮಕ್ಕಳಿಗೆ ಪರೀಕ್ಷೆಯಲ್ಲಿ ಅರ್ಧ ಅಂಕ ಹೋದರೆ ಮನೆಯಲ್ಲಿ ಒಂದು ದಿನದ ಗದ್ದಲ. ಅಲ್ಲಿ ಅರ್ಧ ಅಂಕದ ಆಚೆ ಈಚೆ ಲಕ್ಷಾಂತರ ಡಾಲರುಗಳು.

ಹಾಗಾದರೆ ಪೊಟ್ಟಣ ಒಡೆದು ದರ್ಜೆಗೆ ಕಳುಹಿಸುವುದೇ ಜಾಣತನವಲ್ಲವೆ? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದಕ್ಕೆ ಬದಲಾಗಿ ಸ್ವಲ್ಪ ಲೆಕ್ಕ ಹಾಕೋಣ.

1989ರಲ್ಲಿ ಅಪ್ಪರ್ ಡೆಕ್ ಎಂಬ ಹೊಸ ಕಂಪೆನಿಯ ಬೇಸ್‌ಬಾಲ್ ಕಾರ್ಡುಗಳು ಹೊರಬಂದವು. ಅದರ ಮೊದಲನೆಯ ಕಾರ್ಡೇ ಕೆನ್ ಗ್ರಿಫಿ ಜೂನಿಯರ್ ಎಂಬ ಹತ್ತೊಂಬತ್ತರ ಹುಡುಗನದು. ಮುಂದೆ ಅವನು ಮಹಾ ಆಟಗಾರನಾದುದರಿಂದ ಎಲ್ಲರ ಕಣ್ಣು ಅದರ ಮೇಲೆಯೇ. ಮೊದಲ ಕಂತಿನಲ್ಲಿ 700 ಬಗೆಯ ಕಾರ್ಡುಗಳು. ಒಂದು ಪೆಟ್ಟಿಗೆಗೆ 36 ಪೊಟ್ಟಣ, ಪೊಟ್ಟಣಕ್ಕೆ 15 ಕಾರ್ಡು, ಒಟ್ಟು 540. ಎಂದರೆ ಸರಾಸರಿ ನಾಲ್ಕು ಪೆಟ್ಟಿಗೆ ಒಡೆದರೆ ಮೂರು ಗ್ರಿಫಿ. ಜನ ದರ್ಜೆಗೆ ಕಳುಹಿಸಿದ ಗ್ರಿಫಿ ಕಾರ್ಡುಗಳಲ್ಲಿ ಪಿ.ಎಸ್.ಎ.ಯಿಂದ ಹತ್ತಕ್ಕೆ ಹತ್ತು ಪಡೆದವು ಸುಮಾರು ಇಪ್ಪತ್ತಕ್ಕೆ ಒಂದು. ಜನ ಕಳುಹಿಸುವುದೂ ಚೆಲುವಾಗಿ ಕಂಡವನ್ನೇ ಎಂಬುದನ್ನು ನೆನಪಿಡಿ. ಆದರೂ ಉದಾರವಾಗಿ ಅದನ್ನೇ ಇಟ್ಟುಕೊಂಡರೆ, ಹತ್ತು ಅಂಕದ ಒಂದು ಗ್ರಿಫಿ ಸಿಗಬೇಕಾದರೆ ಸುಮಾರು 26 ಪೆಟ್ಟಿಗೆ ಒಡೆಯಬೇಕು. ಆಗ ಮನೆಯ ತುಂಬ ಉಳಿಯುವ 14,000 ಕಾರ್ಡುಗಳಲ್ಲಿ ಹೆಚ್ಚಿನವಕ್ಕೆ ಕೇಳುವವರಿಲ್ಲ. ಇದರ ಮೇಲೆ ಕಳುಹಿಸಿದ ಪ್ರತಿಯೊಂದು ಕಾರ್ಡಿಗೂ ಶುಲ್ಕ. ಕಾಯುವ ಕಷ್ಟ ಬೇರೆ: 2021ರ ಮಾರ್ಚಿನಲ್ಲಿ ಬಂದು ಬಿದ್ದ ಕಾರ್ಡುಗಳ ರಾಶಿಯನ್ನು ತಾಳಲಾರದೆ ಪಿ.ಎಸ್.ಎ. ತನ್ನ ಬಹುಪಾಲು ಸೇವೆಗಳನ್ನೇ ಕೆಲಕಾಲ ನಿಲ್ಲಿಸಬೇಕಾಯಿತು.

ಎಂದೂ ಯಾರೂ ಮುಟ್ಟದ ಕಾರ್ಡು ಹೊಚ್ಚ ಹೊಸದಾಗಿರಬೇಕಲ್ಲ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಹಳೆಯ ಟಾಪ್ಸ್ ಪೊಟ್ಟಣಗಳಲ್ಲಿ ಕಾರ್ಡುಗಳೊಡನೆ ಗಮ್ಮಿನ ಒಂದು ತುಣುಕನ್ನೂ ಇಡುತ್ತಿದ್ದರು. ದಶಕಗಳ ಕಾಲ ಅದಕ್ಕೆ ಒರಗಿದ್ದ ಕಾರ್ಡಿಗೆ ಅದರ ಕಲೆ; ಹೊದಿಕೆಗೆ ತಾಗಿದ್ದ ಕಾರ್ಡಿಗೆ ಮೇಣದ ಕಲೆ. ಮೆರುಗು ಹಚ್ಚಿದ ಕಾರ್ಡುಗಳು ಒಂದಕ್ಕೊಂದು ಅಂಟಿಕೊಂಡು ಇಟ್ಟಿಗೆಯಂತಾಗುವುದೂ ಉಂಟು. ಚಿತ್ರ ಒಂದು ಬದಿಗೆ ಸರಿದಿರುವುದು ಕಾರ್ಖಾನೆಯಲ್ಲೇ ಹಣೆಯಲ್ಲಿ ಬರೆದ ಬರಹ. ಮೊಹರು ಅದನ್ನು ಅಳಿಸಲಾರದು.

ಈ ಮಾತಿಗೆ ಇತ್ತೀಚಿನ ನಿದರ್ಶನವೊಂದು ಕೆನಡಾದಲ್ಲಿದೆ. ಆಟ ಐಸ್ ಹಾಕಿ. ಆದರೆ ಪ್ರಶ್ನೆ ಅದೇ. ರೆಜೈನಾ ನಗರದ ಮನೆಯೊಂದರಲ್ಲಿ 1979-80ರ ಓ-ಪೀ-ಚೀ ಕಾರ್ಡುಗಳ ಒಡೆಯದ ದೊಡ್ಡ ಪೆಟ್ಟಿಗೆ ದೊರೆಯಿತು. ಒಳಗೆ 16 ಡಬ್ಬಿ, ಒಟ್ಟು ಹತ್ತು ಸಾವಿರಕ್ಕೂ ಹೆಚ್ಚು ಕಾರ್ಡು. ಹಾಕಿಯ ದೊರೆ ವೇಯ್ನ್ ಗ್ರೆಟ್ಸ್ಕಿಯ ಮೊದಲ ಕಾರ್ಡು ಅದರಲ್ಲಿ ಇಪ್ಪತ್ತೈದಾದರೂ ಇರಬೇಕೆಂದು ಅಂದಾಜು. ಹತ್ತು ಅಂಕದ ಒಂದೇ ಒಂದು ಗ್ರೆಟ್ಸ್ಕಿ 2021ರಲ್ಲಿ 37 ಲಕ್ಷ 50 ಸಾವಿರ ಡಾಲರಿಗೆ ಹೋಗಿತ್ತು. ಯಾರಿಗಾದರೂ ಕತ್ತರಿ ಹಿಡಿಯುವ ಆಸೆಯಾಗದೆ ಇದ್ದೀತೆ? ಆದರೂ ಮಾಲೀಕರು ಮೊಹರನ್ನು ಮುಟ್ಟದೆ ಹರಾಜಿಗಿಟ್ಟರು. 2024ರ ಫೆಬ್ರವರಿಯಲ್ಲಿ ಕೂಗು 37 ಲಕ್ಷ 20 ಸಾವಿರ ಡಾಲರಿಗೆ ನಿಂತಿತು. ಅದುವರೆಗೆ ಹತ್ತು ಅಂಕ ಪಡೆದ ಗ್ರೆಟ್ಸ್ಕಿ ಕಾರ್ಡುಗಳು ಜಗತ್ತಿನಲ್ಲಿ ಎರಡೇ ಎರಡು. ಒಡೆದಿದ್ದರೆ ಮೂರನೆಯದು ಸಿಗುವ ಭರವಸೆ ಏನಿತ್ತು? ಒಡೆಯದೆ ಇದ್ದುದರಿಂದ, ಸಿಕ್ಕೀತೆಂಬ ಆಸೆಯೇ ಹಣವಾಯಿತು.

ವ್ಯವಹಾರದ ತಿರುಳು ಇಲ್ಲಿದೆ. ಮೊಹರಾದ ಪೊಟ್ಟಣ ಮಾರುವವನು ರಟ್ಟನ್ನು ಮಾರುವುದಿಲ್ಲ, ಆಸೆಯನ್ನು ಮಾರುತ್ತಾನೆ. ಲಾಟರಿಯ ಚೀಟಿಗೆ ಫಲಿತಾಂಶದ ಹಿಂದಿನ ದಿನ ಇದ್ದ ಬೆಲೆ ಮರುದಿನ ಇರುವುದಿಲ್ಲವಷ್ಟೆ. ಒಡೆದವನು ಆಸೆಯನ್ನು ಕೊಟ್ಟು ನಿಜವನ್ನು ಕೊಳ್ಳುತ್ತಾನೆ. ಬಹಳ ಸಲ ನಿಜಕ್ಕಿಂತ ಆಸೆಯೇ ತುಟ್ಟಿ. ಬೇರೊಬ್ಬರು ಒಂದು ಪೊಟ್ಟಣ ಒಡೆದಾಗಲೆಲ್ಲ ಒಡೆಯದೆ ಉಳಿದ ಪೊಟ್ಟಣಗಳ ಸಂಖ್ಯೆ ಒಂದು ಕಡಿಮೆಯಾಗುತ್ತದೆ ಎಂಬುದೂ ಕಾದಿಟ್ಟವನಿಗೆ ಅನುಕೂಲ.

ಹಾಗೆಂದು ಮೊಹರನ್ನೇ ದೇವರೆಂದು ಪೂಜಿಸಬೇಕಾಗಿಲ್ಲ. ಒಡೆದು ಮತ್ತೆ ಅಂಟಿಸುವ ಕೈಚಳಕದವರು ಎಲ್ಲ ಕಾಲದಲ್ಲೂ ಇದ್ದಾರೆ. ಯೂಟ್ಯೂಬಿನಿಂದ ಖ್ಯಾತನಾದ ಲೋಗನ್ ಪಾಲ್ 35 ಲಕ್ಷ ಡಾಲರು ಕೊಟ್ಟು ಕೊಂಡ ಪೋಕೆಮಾನ್ ಕಾರ್ಡುಗಳ ಪೆಟ್ಟಿಗೆಯನ್ನು 2022ರ ಜನವರಿಯಲ್ಲಿ ಒಡೆದಾಗ ಒಳಗಿದ್ದುದು ಜಿ.ಐ. ಜೋ ಎಂಬ ಬೇರೊಂದು ಬಗೆಯ ಕಾರ್ಡುಗಳು. ತಜ್ಞರು ಅಸಲಿಯೆಂದು ಹೇಳಿದ್ದ ಪೆಟ್ಟಿಗೆ ಅದು! ಆದುದರಿಂದ ಮಾರಲು ಹೊರಟ ಮನೆಯವರು ಪೊಟ್ಟಣ ಎಲ್ಲಿಂದ ಬಂತು, ಯಾರು ಕೊಂಡರು, ಎಲ್ಲಿತ್ತು ಎಂಬ ವಿವರವನ್ನು ತಿಳಿದವರಿರುವಾಗಲೇ ಬರೆದಿಡುವುದು ಲೇಸು. ಹಳೆಯ ರಸೀದಿಯೊಂದು ಸಿಕ್ಕರೆ ಅದನ್ನು ಕಸವೆಂದು ಎಸೆಯಬಾರದು.

ಇನ್ನು, ಎಲ್ಲ ಹಳೆಯ ಪೊಟ್ಟಣವೂ ನಿಧಿಯಲ್ಲ. 1980ರ ದಶಕದ ಕೊನೆಯಲ್ಲಿ ಕಂಪೆನಿಗಳು ಹೊಳೆ ಹರಿದಂತೆ ಕಾರ್ಡು ಮುದ್ರಿಸಿದವು. ಮಕ್ಕಳ ಕಾಲೇಜಿನ ಖರ್ಚಿಗೆ ಆದೀತೆಂದು ಪೆಟ್ಟಿಗೆಗಟ್ಟಲೆ ಕೂಡಿಟ್ಟ ತಂದೆತಾಯಿಗಳು ಅನೇಕರು. ಎಲ್ಲರೂ ಕೂಡಿಟ್ಟ ವಸ್ತುವಿಗೆ ಬೆಲೆ ಬರುವುದೆಂತು? ಅಂತಹ ಪೊಟ್ಟಣಗಳನ್ನು ಮಕ್ಕಳನ್ನು ಕೂರಿಸಿಕೊಂಡು ಸಂತೋಷವಾಗಿ ಒಡೆಯಬಹುದು. ಹಳೆಯ ಗಮ್ಮನ್ನು ಮಾತ್ರ ಬಾಯಿಗೆ ಹಾಕಿಕೊಳ್ಳಬಾರದು.

ಬೆಲೆಯುಳ್ಳ ಪೊಟ್ಟಣವಾದರೆ, ಮನೆಯವರು ಕತ್ತರಿ ಹುಡುಕುವ ಮೊದಲು ತಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಲಿ: “ಒಳಗೆ ಏನೂ ಇಲ್ಲದಿದ್ದರೆ ನಾಳೆ ನಾವು ಒಬ್ಬರ ಮುಖ ಒಬ್ಬರು ನೋಡಬಲ್ಲೆವೆ?” ಸಾಲ ತೀರಬೇಕು, ಮಗಳ ಓದು ಸಾಗಬೇಕು ಎಂಬ ಮನೆಗೆ ಉತ್ತರ ಸುಲಭ, ಮೊಹರು ಹಾಗೆಯೇ ಇರಲಿ, ಜೂಜನ್ನು ಕೊಳ್ಳುವವನೇ ಆಡಲಿ. ಪೊಟ್ಟಣಗಳು ಹಲವಿದ್ದರೆ ಎಲ್ಲವನ್ನೂ ಮಾರಿ ಒಂದನ್ನು ಉಳಿಸಿಕೊಳ್ಳಬಹುದು. ಆ ಒಂದನ್ನು ಒಡೆಯುವುದಾದರೆ ಲಾಭಕ್ಕೆಂದು ಒಡೆಯುವುದು ಬೇಡ. ತಂದೆ ಹುಡುಗನಾಗಿದ್ದಾಗ ಯಾವ ಕುತೂಹಲದಿಂದ ಒಡೆಯುತ್ತಿದ್ದನೋ ಆ ಕುತೂಹಲಕ್ಕೆಂದು ಒಡೆಯಲಿ. ಒಳಗಿಂದ ಯಾರ ಮುಖ ಹೊರಬಂದರೂ ಆ ಮನೆಗೆ ನಷ್ಟವೆನಿಸುವುದಿಲ್ಲ.