ಆತ್ಮವಿಶ್ವಾಸಕ್ಕೂ ಮೊದಲು ಲೆಕ್ಕ ನೋಡಿ

ಅನಿಶ್ಚಿತ ಕಾಲದ ಮಾರಾಟದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿದೆ. ಮಾರುಕಟ್ಟೆ ಅಲುಗಾಡಿದಾಗ ಸೋಲುವವರು ಆತ್ಮವಿಶ್ವಾಸ ಇಲ್ಲದವರು, ಮನೋಭಾವ ಬದಲಾದರೆ ಸರಕು ತಾನಾಗಿ ಖರ್ಚಾಗುತ್ತದೆ ಎಂಬ ವಾದವನ್ನು ಒಪ್ಪಲಾರೆ. ಅದು ಸೋತವರ ಮೇಲೆ ಹೊರಿಸುವ ಆರೋಪ.

ಲೇಖಕರು ಒಮ್ಮೆ ಮರದ ಗೊಂಬೆಗಳಿಗೆ ಹೆಸರಾದ ಚನ್ನಪಟ್ಟಣಕ್ಕೆ ಹೋಗಿ ಬರಲಿ. ಗರಗರ ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ. ಆಮೇಲೆ ತಾಳೆಗರಿಯಿಂದ ತಿಕ್ಕಿ ಹೊಳಪು ಕೊಡುತ್ತಾರೆ. ಆ ಕೈಗಳಿಗೆ ವಿಶ್ವಾಸದ ಕೊರತೆ ಎಂದೂ ಇರಲಿಲ್ಲ. ಅಗ್ಗದ ಚೀನೀ ಪ್ಲಾಸ್ಟಿಕ್ ಆಟಿಕೆಗಳು ಸಂತೆ, ಜಾತ್ರೆಗಳಿಗೆಲ್ಲ ನುಗ್ಗಿದಾಗ ಬೆಲೆಯಲ್ಲಿ ಪೈಪೋಟಿ ಕೊಡಲಾಗಲಿಲ್ಲ, ಅಷ್ಟೆ. ಈ ಗೊಂಬೆಗಳ ಹೆಸರಿಗೆ 2006ರಲ್ಲಿ ಭೌಗೋಳಿಕ ಸೂಚಕದ (ಜಿಐ) ರಕ್ಷಣೆ ಸಿಕ್ಕಿತು. 2020ರಲ್ಲಿ ಆಟಿಕೆಗಳ ಆಮದು ಸುಂಕ ಶೇ 20ರಿಂದ ಶೇ 60ಕ್ಕೇರಿತು. 2021ರ ಜನವರಿಯಿಂದ ಆಟಿಕೆಗಳಿಗೆ ಗುಣಮಟ್ಟದ ಐಎಸ್‌ಐ ಗುರುತು ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳಿಗೆ ಅದರಿಂದ ವಿನಾಯಿತಿಯೂ ದೊರೆಯಿತು. ಅವರ ನೆರವಿಗೆ ಬಂದ ಇವೆಲ್ಲ ಸರ್ಕಾರದ ನಿರ್ಧಾರಗಳು, ಪ್ರೇರಣಾ ಭಾಷಣದ ಫಲವಲ್ಲ.

ಕಲಿಯುವುದೇನೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಗೊಂಬೆ ಮಾಡುತ್ತಿದ್ದವರು ಮಣಿ, ಬಳೆ, ಮನೆ ಅಲಂಕಾರದ ಸಾಮಾನಿಗೂ ಕೈಹಾಕಿದರು; ಮಗು ಬಾಯಿಗಿಡುವ ಆಟಿಕೆಗೆ ಅರಿಸಿನದಂಥ ನೈಸರ್ಗಿಕ ಬಣ್ಣ ಬಳಸಿದರು. ಗಿರಾಕಿಯ ಆತಂಕ ಅರಿತು ಕಸುಬನ್ನು ಹೊಂದಿಸಿಕೊಳ್ಳುವುದೇ ನಿಜವಾದ ಬೆಳವಣಿಗೆ. ಅದಕ್ಕೆ ಹೊಸ ವಿನ್ಯಾಸ ಬೇಕು, ಬಂಡವಾಳ ಬೇಕು, ಕೈ ಪಳಗಲು ಸಮಯ ಬೇಕು.

ಮಾರುವವನಿಗೆ ಧೈರ್ಯ ಹೇಳುವ ಮುನ್ನ ಅವನ ಸಾಲದ ಬಡ್ಡಿ, ಮರದ ಬೆಲೆ, ಮಧ್ಯವರ್ತಿಯ ಪಾಲು ಎಷ್ಟೆಂದು ಕೇಳಿ. ಮುಂದಿನ ಲೇಖನದಲ್ಲಿ ಆ ಲೆಕ್ಕವನ್ನೂ ಬರೆಯಬೇಕೆಂದು ಲೇಖಕರಲ್ಲಿ ನನ್ನ ವಿನಂತಿ.