ಉದ್ಯಾನವೂ ಒಂದು ಪಾಠಶಾಲೆ

ರಜಾದಿನದಂದು ಮಕ್ಕಳೊಡನೆ ಬೋರಿವಲಿಯ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ಮುಂಬಯಿ ಕನ್ನಡಿಗರು, ಬುತ್ತಿ ಬಿಚ್ಚಿ ಉಂಡು ಮರಳಿದರೆ ಸಾಲದು. ಅಲ್ಲಿನ ಕಾನ್ಹೇರಿಯಲ್ಲಿ ನೂರಕ್ಕೂ ಮಿಕ್ಕ ಬೌದ್ಧ ಗುಹೆಗಳಿವೆ. ಅವುಗಳ ಬಳಿ ಮಳೆನೀರು ಹಿಡಿಯಲು ಬಂಡೆಯಲ್ಲೇ ಕೊರೆದ ತೊಟ್ಟಿಗಳಿವೆ. 1860ರಲ್ಲಿ ಪೂರ್ಣಗೊಂಡ ವಿಹಾರ್ ಸರೋವರವೂ ಅದೇ ಕಾಡಿನ ಆಸರೆಯಲ್ಲಿದ್ದು, ಇಂದಿಗೂ ನಗರಕ್ಕೆ ನೀರೊದಗಿಸುತ್ತಿದೆ. ತೊಟ್ಟಿಯೆದುರು ನಿಂತು, "ನಮ್ಮ ಮನೆಯ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ, ಮಗೂ?" ಎಂದು ಕೇಳಿದರೆ ಸಾಕು, ಪಾಠ ತಾನಾಗಿಯೇ ಆರಂಭವಾಗುತ್ತದೆ.

ದಾರಿಯ ತೇಗ, ಮುತ್ತುಗಗಳ ಹೆಸರನ್ನು ತಂದೆತಾಯಿಗಳು ಕನ್ನಡದಲ್ಲಿಯೇ ಹೇಳಿಕೊಡಬೇಕು. ಪರಸ್ಥಳದ ಶಾಲೆ ಅದನ್ನು ಕಲಿಸದು. ಅಡುಗೆಮನೆಯ ಮಾತಿಗಷ್ಟೇ ಉಳಿದ ಭಾಷೆ ಬಹುಕಾಲ ಬಾಳದು. ಆದರೆ ಪ್ರಶ್ನೆಗಳ ಸುರಿಮಳೆ ಸಲ್ಲದು. ವಿಹಾರವೇ ಪರೀಕ್ಷೆಯಾದರೆ, ಮುಂದಿನ ಬಾರಿ ಮಗು ಮನೆಯಿಂದ ಹೊರಡಲೊಲ್ಲದು.